ಕಿರಿದಾದ ಹಳೆಯ ಚರ್ಮದ ಪಟ್ಟಿಯಲ್ಲಿ ಕ್ಷೌರದ ಕತ್ತಿಯನ್ನು ಮಸೆಯಬಹುದೇ?

ಅಜ್ಜನ ಕಾಲದ, 2 ಇಂಚು ಅಗಲದ ಪಟ್ಟಿ ಸಾಕೇ ಎಂದು ಕೇಳಿದ್ದೀರಿ. ಖಂಡಿತ ಸಾಕು, ದಯವಿಟ್ಟು ಅದನ್ನು ಎಸೆಯಬೇಡಿ. ಅಲಗು ಸುಮಾರು 3 ಇಂಚು ಉದ್ದವಿರುವುದರಿಂದ ನೇರವಾಗಿ ಎಳೆದರೆ ಅದರ ಒಂದು ಭಾಗ ಪಟ್ಟಿಯ ಹೊರಗೇ ಉಳಿಯುತ್ತದೆ. ಆದ್ದರಿಂದ ಹಿಡಿಯ ಬದಿಯಿಂದ ಆರಂಭಿಸಿ, ಎಳೆಯುತ್ತಲೇ ಕತ್ತಿಯನ್ನು ಅಡ್ಡಕ್ಕೆ ಸರಿಸುತ್ತಾ, ಕೊನೆಯಲ್ಲಿ ಅಲಗಿನ ತುದಿ ಚರ್ಮದ ಮೇಲೆ ಬರುವಂತೆ ಓರೆಯಾಗಿ ಎಳೆಯಬೇಕು. ಕತ್ತಿಯ ಬೆನ್ನು ಮುಂದೆ, ಬಾಯಿ ಹಿಂದೆ ಇರಲಿ. ಮಗ್ಗುಲು ಬದಲಿಸುವಾಗಲೂ ಬೆನ್ನು ಚರ್ಮವನ್ನು ಬಿಡಬಾರದು. ಪಟ್ಟಿ ಜೋತುಬಿದ್ದರೆ ಬಾಯಿ ದುಂಡಗಾಗುತ್ತದೆ, ಹಾಗಾಗಿ ಬಿಗಿಯಾಗಿ ಹಿಡಿದು ಹಗುರವಾಗಿ ಎಳೆಯಿರಿ. ನಮ್ಮ ರಾಯಚೂರಿನ ಬಿಸಿಲಿಗೆ ಚರ್ಮ ಒಣಗಿ ಬಿರುಸಾಗಿದ್ದರೆ ಎಣ್ಣೆ ಸುರಿಯದೆ, ಮೊದಲು ಶುದ್ಧವಾದ ಅಂಗೈಯಿಂದ ಚೆನ್ನಾಗಿ ಉಜ್ಜಿ ನೋಡಿ. ಪಟ್ಟಿಯು ಹರಿತವಾದ ಬಾಯಿಯನ್ನು ಕಾಪಾಡುತ್ತದೆಯೇ ಹೊರತು, ಮೊಂಡಾದ ಕತ್ತಿಗೆ ಸಾಣೆಕಲ್ಲೇ ಬೇಕು.