ಓಟದ ದಾರಿಯ ಬುತ್ತಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಬರುವ ಜನವರಿಯಲ್ಲಿ ಮುಂಬೈಯಲ್ಲಿ ಮೊದಲ ಪೂರ್ಣ ಮ್ಯಾರಥಾನ್ ಓಡಬೇಕೆಂದಿದ್ದೇನೆ. ತೂಕ 62 ಕಿಲೋ, 4 ಗಂಟೆ 45 ನಿಮಿಷದಲ್ಲಿ ಮುಗಿಸುವ ಲೆಕ್ಕಾಚಾರ. ಹೋದ ವಾರ 30 ಕಿ.ಮೀ. ಅಭ್ಯಾಸದ ಓಟದಲ್ಲಿ 27ರ ಹೊತ್ತಿಗೆ ಕಾಲು ಎತ್ತಿಡಲಾಗದೆ ರಸ್ತೆ ಬದಿ ಕೂತುಬಿಟ್ಟೆ. ನೀರು ಮಾತ್ರ ಕುಡಿದಿದ್ದೆ. ಓಟಗಾರರು ಪೊಟ್ಟಣದಿಂದ ಹೀರುವ ಸಕ್ಕರೆ ಪಾಕದಂಥ ಜೆಲ್ ನನಗೆ ಬಾಯಿಗೆ ಸೇರುವುದಿಲ್ಲ, ಬೆಲೆಯೂ ಜಾಸ್ತಿ. ಮನೆಯ ತಿಂಡಿ ಇಟ್ಟುಕೊಂಡು ಓಡಬಹುದೇ?
— ಬ್ಯಾಂಕ್ ಉದ್ಯೋಗಿ, ದಾವಣಗೆರೆ

ಉತ್ತರ: ಧಾರಾಳವಾಗಿ ಓಡಬಹುದು. ಆದರೆ ತೂಗಿ, ಗಡಿಯಾರ ನೋಡಿ ತಿನ್ನಬೇಕು. ಹಸಿವಾದಾಗ ತಿಂದರಾಯಿತು ಅನ್ನುವುದು ಇಲ್ಲಿ ನಡೆಯುವುದಿಲ್ಲ.

ನಿಮಗೆ 27ರಲ್ಲಿ ಆದದ್ದು ಹೀಗೆ. ಸ್ನಾಯುಗಳಲ್ಲಿ ಸುಮಾರು 400ರಿಂದ 500 ಗ್ರಾಂ, ಯಕೃತ್ತಿನಲ್ಲಿ 100 ಗ್ರಾಂ ಆಸುಪಾಸು ಸಕ್ಕರೆಯ ದಾಸ್ತಾನು ಇರುತ್ತದೆ, ಗ್ಲೈಕೋಜನ್ ರೂಪದಲ್ಲಿ. ಎಲ್ಲ ಸೇರಿ 2000ರಿಂದ 2400 ಕ್ಯಾಲರಿ. ಓಡುವಾಗ ಕಿಲೋ ತೂಕಕ್ಕೆ, ಕಿಲೋಮೀಟರಿಗೆ ಒಂದು ಕ್ಯಾಲರಿಯಂತೆ ಖರ್ಚು ಹಿಡಿದರೆ ನಿಮಗೆ 42 ಕಿ.ಮೀ.ಗೆ 2600 ಬೇಕು. ಒಂದಷ್ಟನ್ನು ಕೊಬ್ಬು ತುಂಬಿಕೊಡುತ್ತದೆ ನಿಜ, ಆದರೆ ನಿಧಾನವಾಗಿ. ಸಕ್ಕರೆ ಬರಿದಾದಾಗ ಕಾಲು ಕೇಳುವುದಿಲ್ಲ, ತಲೆಯೂ ಮಂಕಾಗುತ್ತದೆ. ಇದು ಇಂದು ನಿನ್ನೆ ಗೊತ್ತಾದದ್ದಲ್ಲ. 1924ರ ಬಾಸ್ಟನ್ ಮ್ಯಾರಥಾನ್ ಓಡಿದವರ ರಕ್ತ ಪರೀಕ್ಷಿಸಿದ ವೈದ್ಯರು, ತೀರಾ ನಿತ್ರಾಣರಾಗಿ ಬಂದವರಲ್ಲಿ ಸಕ್ಕರೆ ಕುಸಿದಿದ್ದನ್ನು ಕಂಡಿದ್ದರು. ಮರುವರ್ಷ ದಾರಿಯಲ್ಲಿ ಸಿಹಿ ತಿನ್ನಿಸಿದಾಗ ಆ ಕುಸಿತ ತಪ್ಪಿತು.

ಎರಡೂವರೆ ಗಂಟೆ ಮೀರಿದ ಓಟಕ್ಕೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬ್, ಅಂದರೆ ಸಕ್ಕರೆ ಅಥವಾ ಪಿಷ್ಟ, ಬೇಕು. ಪಳಗಿದ ಓಟಗಾರರು 90ಕ್ಕೂ ಹೋಗುತ್ತಾರೆ. ನೀವು 40ರಲ್ಲಿ ನಿಲ್ಲಿ. ಮೊದಲ ತುತ್ತು 35ನೇ ನಿಮಿಷಕ್ಕೆ, ಆಮೇಲೆ 25 ನಿಮಿಷಕ್ಕೊಂದು, ಕೊನೆಯದು 4 ಗಂಟೆ 20ಕ್ಕೆ. ಒಟ್ಟು ಹತ್ತು ತುತ್ತು, ಪ್ರತಿಯೊಂದರಲ್ಲೂ 19 ಗ್ರಾಂ ಕಾರ್ಬ್. ಏಳು ಸರದಿಗೆ ಚಿಗಳಿ ಉಂಡೆ (ಮಾಡುವ ಬಗೆ ಮುಂದಿನ ಉತ್ತರದಲ್ಲಿದೆ), ಉಳಿದ ಮೂರಕ್ಕೆ 20 ಗ್ರಾಂ ಗ್ಲೂಕೋಸ್ ಪುಡಿಯ ಪುಟ್ಟ ಪೊಟ್ಟಣ. ಪುಡಿಯನ್ನು ನೀರಿನ ಕೇಂದ್ರದಲ್ಲಿ 250 ಮಿ.ಲೀ. ನೀರಿಗೆ ಕಲಸಿ ಕುಡಿಯಿರಿ. ಅದಕ್ಕಿಂತ ಗಟ್ಟಿ ಮಾಡಬೇಡಿ. ಗಟ್ಟಿ ಸಕ್ಕರೆ ನೀರು ಹೊಟ್ಟೆಗೆ ಬಿದ್ದರೆ ಕರುಳು ಮೈಯ ನೀರನ್ನೇ ಎಳೆದುಕೊಂಡು ಅದನ್ನು ತೆಳು ಮಾಡಲು ನೋಡುತ್ತದೆ, ಹೊಟ್ಟೆ ಗುಡುಗುಡು ಅನ್ನುತ್ತದೆ. ಉಂಡೆ ತಿಂದಾಗಲೂ ಒಂದು ಲೋಟ, ಅಂದರೆ 100ರಿಂದ 150 ಮಿ.ಲೀ., ಬರೀ ನೀರು ಕುಡಿಯಿರಿ.

ಬಾಳೆಹಣ್ಣು ಸಿಕ್ಕರೆ ಒಂದು ಉಂಡೆ ಬಿಡಬಹುದು. ಸಿಪ್ಪೆ ಸುಲಿದ ಏಲಕ್ಕಿ ಬಾಳೆಯಲ್ಲಿ 12 ಗ್ರಾಂ, ದೊಡ್ಡ ಪಚ್ಚಬಾಳೆಯಲ್ಲಿ 23-25 ಗ್ರಾಂ ಕಾರ್ಬ್ ಇರುತ್ತದೆ. ಚುಕ್ಕೆ ಬಂದ ಹಣ್ಣೇ ಆಗಲಿ. ಅರೆಕಾಯಿಯ ಪಿಷ್ಟ ಬೇಗ ಅರಗುವುದಿಲ್ಲ. ತಿನ್ನುವಾಗ ಓಡಬೇಡಿ, ಇಪ್ಪತ್ತು ಹೆಜ್ಜೆ ನಡೆಯಿರಿ. ಅಷ್ಟರಲ್ಲಿ ಕಳೆದುಕೊಳ್ಳುವುದು ಹತ್ತು ಸೆಕೆಂಡು.

ಇನ್ನೊಂದು ಮಾತು. ಈ ಲೆಕ್ಕವನ್ನು ಮುಂಬೈಯಲ್ಲೇ ಮೊದಲ ಸಲ ಪ್ರಯೋಗಿಸಬೇಡಿ. ಓಡುವಾಗ ರಕ್ತವೆಲ್ಲ ಕಾಲಿಗೆ, ಚರ್ಮಕ್ಕೆ ಹರಿಯುತ್ತದೆ, ಜಠರಕ್ಕೆ ಸಿಗುವುದು ಅಲ್ಪ. ಆ ಅಲ್ಪದಲ್ಲೇ ಅರಗಿಸುವುದನ್ನು ಹೊಟ್ಟೆಗೂ ರೂಢಿ ಮಾಡಿಸಬೇಕು. ಆರು ವಾರ, ವಾರಕ್ಕೊಂದು ಉದ್ದದ ಓಟದಲ್ಲಿ ಇದೇ ತಿಂಡಿ, ಇದೇ ಹೊತ್ತು. ಮೊದಲ ವಾರ ಗಂಟೆಗೆ 20 ಗ್ರಾಂನಿಂದ ಶುರು ಮಾಡಿ ಏರಿಸುತ್ತಾ ಹೋಗಿ.

ಪ್ರಶ್ನೆ: ಓಟಕ್ಕೆ ಚಿಗಳಿ ಒಯ್ಯಬಹುದು ಎಂದು ಕೇಳಿದ್ದೇನೆ. ನಾನು ಮಾಡಿದ್ದು ಒಮ್ಮೆ ಕಲ್ಲಾಯಿತು, ಇನ್ನೊಮ್ಮೆ ಕಾಗದಕ್ಕೇ ಅಂಟಿಕೊಂಡಿತು. ಸರಿಯಾದ ಅಳತೆ ತಿಳಿಸಿ.
— ಗೃಹಿಣಿ, ಮೈಸೂರು

ಉತ್ತರ: ಮಕ್ಕಳು ಕಡ್ಡಿಗೆ ಸಿಕ್ಕಿಸಿಕೊಂಡು ಚೀಪುವ ಚಿಗಳಿಯಲ್ಲಿ ಹುಣಸೆಯೇ ಹೆಚ್ಚು. ಓಟಕ್ಕೆ ಅದು ತಿರುಗುಮುರುಗಾಗಬೇಕು, ಯಾಕೆಂದರೆ ಹುಣಸೆ ಜಾಸ್ತಿಯಾದರೆ ಹೊಟ್ಟೆ ಸಡಿಲವಾಗುತ್ತದೆ. ಏಳು ಉಂಡೆಗೆ ಅಳತೆ: ಬೆಲ್ಲ 100 ಗ್ರಾಂ, ಬೀಜ ತೆಗೆದ ಖರ್ಜೂರ 60 ಗ್ರಾಂ, ಹುಣಸೆಹಣ್ಣು ಗೋಲಿ ಗಾತ್ರ (10 ಗ್ರಾಂ), ಉಪ್ಪು ಅರ್ಧ ಟೀಚಮಚ, ಹುರಿದು ಪುಡಿ ಮಾಡಿದ ಜೀರಿಗೆ ಕಾಲು ಟೀಚಮಚ. ಖಾರ ಬೇಡವೇ ಬೇಡ.

ಖರ್ಜೂರವನ್ನು ಬಿಸಿನೀರಿನಲ್ಲಿ ಕಾಲು ಗಂಟೆ ನೆನೆಸಿ, ಹಿಂಡಿ, ನೀರು ಹಾಕದೆ ರುಬ್ಬಿಕೊಳ್ಳಿ. ಹುಣಸೆಯಿಂದ ಎರಡು ಚಮಚ ಗಟ್ಟಿ ರಸ ತೆಗೆಯಿರಿ. ಬೆಲ್ಲಕ್ಕೆ ಎರಡು ದೊಡ್ಡ ಚಮಚ ನೀರು ಹಾಕಿ ಸಣ್ಣ ಉರಿಯಲ್ಲಿ ಕರಗಿಸಿ ಸೋಸಿ. ಮಣ್ಣು, ಕಬ್ಬಿನ ನಾರು ಇದ್ದೇ ಇರುತ್ತದೆ. ಮತ್ತೆ ಒಲೆಗಿಟ್ಟು ಹುಣಸೆ ರಸ, ಖರ್ಜೂರ, ಉಪ್ಪು, ಜೀರಿಗೆ ಸೇರಿಸಿ ಕೈಬಿಡದೆ ಕೆದಕಿ. ನಾಲ್ಕೈದು ನಿಮಿಷಕ್ಕೆ ಬಾಣಲೆಯ ತಳ ಬಿಟ್ಟು ಬರುತ್ತದೆ. ಈಗಲೇ ಪರೀಕ್ಷೆ: ಒಂದು ತೊಟ್ಟು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉರುಟಿ. ಮೆತ್ತಗಿನ ಉಂಡೆಯಾದರೆ ತಕ್ಷಣ ಇಳಿಸಿ. ಆ ತೊಟ್ಟು ತಟ್ಟೆಗೆ ಹಾಕಿದಾಗ ಟಣ್ ಅಂದಿತೋ, ಅದು ಚಿಕ್ಕಿಯ ಪಾಕ. ನಿಮ್ಮದು ಕಲ್ಲಾದದ್ದು ಅಲ್ಲೇ. ನೀರಿನಲ್ಲಿ ಹರಡಿಹೋದರೆ ಇನ್ನೂ ಒಂದು ನಿಮಿಷ ಬೇಕು, ಕಾಗದಕ್ಕೆ ಅಂಟಿದ್ದು ಇದರಿಂದ. ಕೈಗೆ ತುಪ್ಪ ಸವರಿಕೊಂಡು ತಲಾ 26 ಗ್ರಾಂ ಆಸುಪಾಸಿನ ಉಂಡೆ ಕಟ್ಟಿ, ಹುರಿದ ಅಕ್ಕಿಹಿಟ್ಟಿನಲ್ಲಿ ಹೊರಳಿಸಿ ಬಟರ್ ಪೇಪರಿನಲ್ಲಿ ಸುತ್ತಿ. ಎರಡೂ ತುದಿ ಬಿಗಿಯಾಗಿ ತಿರುಚಬೇಡಿ. ಬೆವರಿದ ಕೈಗೆ ಬಿಚ್ಚಲು ಬರಬೇಕಲ್ಲ!

ಒಂದು ಉಂಡೆಗೆ ಸುಮಾರು 19 ಗ್ರಾಂ ಕಾರ್ಬ್, 165 ಮಿ.ಗ್ರಾಂ ಸೋಡಿಯಂ. ಬೆಲ್ಲದಿಂದ ಒಂದು ಹೆಚ್ಚಿನ ಲಾಭವಿದೆ. ಅದು ಬಹುಪಾಲು ಸುಕ್ರೋಸ್, ಅರಗಿದಾಗ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್ ಆಗುತ್ತದೆ. ಕರುಳಿನಲ್ಲಿ ಈ ಎರಡಕ್ಕೂ ಬೇರೆ ಬೇರೆ ಬಾಗಿಲು. ಗ್ಲೂಕೋಸಿನ ಬಾಗಿಲಲ್ಲಿ ಗಂಟೆಗೆ 60 ಗ್ರಾಂನಷ್ಟೇ ಒಳಗೆ ಹೋಗಲು ಸಾಧ್ಯ. ಫ್ರಕ್ಟೋಸ್ ಪಕ್ಕದ ಬಾಗಿಲಿನಿಂದ ನುಸುಳುತ್ತದೆ. ದುಬಾರಿ ಜೆಲ್‌ಗಳು ಎರಡನ್ನೂ ಬೆರೆಸುವುದು ಇದೇ ಕಾರಣಕ್ಕೆ.

ಪ್ರಶ್ನೆ: ಶಕ್ತಿಗೆಂದು ಗೋಕಾಕದ ಕರದಂಟು, ಶೇಂಗಾ ಚಿಕ್ಕಿ ಒಯ್ದಿದ್ದೆ. ಹಾಫ್ ಮ್ಯಾರಥಾನಿನ 15ನೇ ಕಿ.ಮೀ.ಗೆ ಹೊಟ್ಟೆಯಲ್ಲಿ ಕಲ್ಲಿಟ್ಟ ಹಾಗಾಯಿತು. ಇವು ಶಕ್ತಿ ಕೊಡುವುದಿಲ್ಲವೇ?
— ಶಿಕ್ಷಕರು, ಬೆಳಗಾವಿ

ಉತ್ತರ: ಕೊಡುತ್ತವೆ, ಆದರೆ ನಿಮ್ಮ ಓಟ ಮುಗಿದ ಮೇಲೆ. ಕಡಲೆಬೀಜದ ಅರ್ಧದಷ್ಟು ತೂಕ ಎಣ್ಣೆಯೇ. ಬೀಜ, ಬೆಲ್ಲ ಸಮಸಮ ಇರುವ 100 ಗ್ರಾಂ ಚಿಕ್ಕಿಯಲ್ಲಿ 25 ಗ್ರಾಂ ಹತ್ತಿರ ಕೊಬ್ಬು ಬಂತು. ಕರದಂಟಿನಲ್ಲಿ ಕೊಬ್ಬರಿ, ಗೋಡಂಬಿ, ಬಾದಾಮಿ, ಕರಿದ ಅಂಟು, ತುಪ್ಪ. ಬಾಣಂತಿಗೆ, ಪೈಲ್ವಾನನಿಗೆ ಹೇಳಿ ಮಾಡಿಸಿದ್ದು. ಕೊಬ್ಬು ಹೊಕ್ಕರೆ ಜಠರ ತನ್ನ ಕೆಳಬಾಗಿಲನ್ನು ಅರೆಮುಚ್ಚಿ ನಿಧಾನ ಮಾಡುತ್ತದೆ. ಹಿಂದೆಯೇ ಕುಡಿದ ನೀರೂ ಅಲ್ಲೇ ನಿಂತು ಕುಲುಕಾಡುತ್ತದೆ. ಏದುಸಿರಿನಲ್ಲಿ ಬೀಜದ ಚೂರು ಶ್ವಾಸನಾಳಕ್ಕೆ ಹಾರುವ ಅಪಾಯ ಬೇರೆ. ಮುಗಿಸಿದ ಅರ್ಧ ಗಂಟೆಯೊಳಗೆ ಎರಡು ತುಂಡು ಕರದಂಟು, ಒಂದು ಲೋಟ ಉಪ್ಪು ಹಾಕಿದ ಮಜ್ಜಿಗೆ. ಅಲ್ಲಿ ಅದಕ್ಕೆ ಸಾಟಿ ಇಲ್ಲ. ದಾರಿಗೆ ಒಯ್ಯುವುದಾದರೆ ನಿಮ್ಮ ಪಕ್ಕದ ಉತ್ತರ ಕನ್ನಡದ ಸುಕೇಳಿ, ಅಂದರೆ ಒಣಗಿಸಿದ ಬಾಳೆಹಣ್ಣು, ತರಿಸಿಕೊಳ್ಳಿ. ಬೆರಳುದ್ದ ತುಂಡು ಮಾಡಿಟ್ಟುಕೊಂಡರೆ ಜಜ್ಜಿಹೋಗುವುದೂ ಇಲ್ಲ.

ಪ್ರಶ್ನೆ: 10 ಕಿ.ಮೀ. ಓಟಕ್ಕೆ ಏನು ತಿನ್ನಬೇಕು?
— ಕಾಲೇಜು ವಿದ್ಯಾರ್ಥಿ, ತುಮಕೂರು

ಉತ್ತರ: ಓಡುವಾಗ ಏನೂ ಬೇಡ. ಒಂದು ಗಂಟೆಯ ಓಟಕ್ಕೆ ಮೈಯಲ್ಲಿರುವ ದಾಸ್ತಾನೇ ಸಾಕು. ಬಾಯಾರಿದರೆ ನೀರು ಕುಡಿಯಿರಿ.

ಪ್ರಶ್ನೆ: ಇಲ್ಲಿಯ ಸೆಕೆಗೆ ಬನಿಯನ್ ಹಿಂಡಿದರೆ ನೀರು ಸುರಿಯುತ್ತದೆ. ಪ್ರತಿ ಕೇಂದ್ರದಲ್ಲೂ ಎರಡು ಲೋಟ ನೀರು ಕುಡಿಯುತ್ತೇನೆ. ಆದರೂ ಕೊನೆಗೆ ವಾಕರಿಕೆ, ತಲೆನೋವು, ಬೆರಳು ಊದಿ ಉಂಗುರ ಬಿಗಿ. ಎಳನೀರು ಕುಡಿದರೆ ಸರಿಹೋದೀತೇ?
— ವ್ಯಾಪಾರಿ, ಮಂಗಳೂರು

ಉತ್ತರ: ನೀರು ಕಡಿಮೆಯಾಗಿ ಅಲ್ಲ, ಹೆಚ್ಚಾಗಿ ಹೀಗಾಗಿರಬಹುದು. ಬೆವರಿನಲ್ಲಿ ಉಪ್ಪು ಹೋಗುತ್ತದೆ, ಬದಲಿಗೆ ಬರೀ ನೀರು ಸುರಿದರೆ ರಕ್ತದ ಸೋಡಿಯಂ ತೆಳುವಾಗುತ್ತದೆ. ಬೆರಳು ಊದುವುದೊಂದೇ ಇದ್ದರೆ ಕೈ ಜೋತುಬಿದ್ದು ಓಡಿದ್ದರಿಂದಲೂ ಆದೀತು. ಜೊತೆಗೆ ವಾಕರಿಕೆ, ತಲೆನೋವು ಇದ್ದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಮಾತು ತೊದಲಿದರೆ, ದಿಕ್ಕು ತಪ್ಪಿದಂತಾದರೆ ನೀರು ಕುಡಿಸುತ್ತಾ ಕೂರದೆ ಆಸ್ಪತ್ರೆಗೆ ಹೋಗಬೇಕು.

ತಕ್ಕಡಿ ಸತ್ಯ ಹೇಳುತ್ತದೆ. ಓಡುವ ಮುಂಚೆ ಮೂತ್ರ ಮಾಡಿ, ಒಳಉಡುಪಿನಲ್ಲಿ ತೂಕ ನೋಡಿ. ಒಂದು ಗಂಟೆ ಓಡಿ, ಮೈ ಒರೆಸಿಕೊಂಡು ಮತ್ತೆ ನೋಡಿ. ಒಂದು ಕಿಲೋ ಇಳಿದರೆ ಒಂದು ಲೀಟರ್ ಬೆವರು. ನಡುವೆ ಕುಡಿದದ್ದನ್ನು ಅದಕ್ಕೆ ಕೂಡಿಸಿ. ಅಷ್ಟನ್ನೂ ತುಂಬಿಕೊಳ್ಳಬೇಕಿಲ್ಲ, ಬಾಯಾರಿಕೆಗೆ ತಕ್ಕಷ್ಟು ಕುಡಿದರೆ ಸಾಕು. ಓಟದ ಕೊನೆಗೆ ತೂಕ ಏರಿದ್ದರಂತೂ ಕುಡಿದದ್ದು ಅತಿಯಾಯಿತೆಂದೇ ಅರ್ಥ.

ಗಂಟೆಗೆ 300ರಿಂದ 600 ಮಿ.ಗ್ರಾಂ ಸೋಡಿಯಂ ಬಹಳ ಜನರಿಗೆ ಸಾಕಾಗುತ್ತದೆ. ಒಣಗಿದ ಬನಿಯನ್ ಮೇಲೆ ಬಿಳಿ ಗೆರೆ ಮೂಡುವವರು ಮೇಲಿನ ಅಂಚಿನಲ್ಲಿರಲಿ. ಕಾಲು ಟೀಚಮಚ ಉಪ್ಪಿನಲ್ಲಿ 590 ಮಿ.ಗ್ರಾಂ ಸಿಗುತ್ತದೆ. ರಕ್ತದೊತ್ತಡ ಇರುವವರು ಇದನ್ನು ಮೊದಲು ವೈದ್ಯರ ಹತ್ತಿರ ಮಾತಾಡಿಕೊಳ್ಳಿ. ಎಳನೀರಿನಲ್ಲಿ ಪೊಟ್ಯಾಶಿಯಂ ಧಾರಾಳ, ಸೋಡಿಯಂ ಕಡಿಮೆ. ರುಚಿಗೆ ಕುಡಿಯಿರಿ, ಉಪ್ಪಿನ ಬಾಬ್ತಿಗೆ ಅದನ್ನು ನಂಬಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಒಆರ್‌ಎಸ್ ಒಂದು ಲೀಟರಿಗೆ ಸುಮಾರು 1700 ಮಿ.ಗ್ರಾಂ ಸೋಡಿಯಂ ಕೊಡುತ್ತದೆ, ಆದರೆ ಗ್ಲೂಕೋಸ್ ಬರೀ 13.5 ಗ್ರಾಂ. ಉಪ್ಪಿಗಾಯಿತು, ಹೊಟ್ಟೆಗಾಗಲಿಲ್ಲ. ಅದರ ಜೊತೆ ತಿಂಡಿಯೂ ಬೇಕು.

ಪ್ರಶ್ನೆ: ಓಟ ಬೆಳಗಿನ 5ಕ್ಕೆ. ಖಾಲಿ ಹೊಟ್ಟೆಯಲ್ಲಿ ಹೋಗಲೇ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಬೇಡ. ಮಲಗಿದ್ದಾಗ ಯಕೃತ್ತಿನ ದಾಸ್ತಾನು ಕರಗಿರುತ್ತದೆ. ಎರಡೂವರೆಗೆ ಎದ್ದು ನಾಲ್ಕು ಇಡ್ಲಿ, ಒಂದು ಪಚ್ಚಬಾಳೆ, ಎರಡು ಚಮಚ ಸಕ್ಕರೆಯ ಕಾಫಿ. ಸುಮಾರು 75 ಗ್ರಾಂ ಕಾರ್ಬ್ ಆಯಿತು, 60 ಕಿಲೋ ಮೈಗೆ ಸಾಕು. ಇಡ್ಲಿಗೆ ಸಕ್ಕರೆಯೋ ಜೇನುತುಪ್ಪವೋ ಇರಲಿ. ಸಾಂಬಾರಿನ ಬೇಳೆ, ಚಟ್ನಿಯ ಕಾಯಿ ಎರಡೂ ಓಟದ ಮಧ್ಯೆ ಶೌಚಾಲಯ ಹುಡುಕಿಸುತ್ತವೆ. ಅಷ್ಟು ಬೇಗ ಏಳಲಾರೆ ಎನ್ನುವವರು ನಾಲ್ಕಕ್ಕೆ ಎರಡು ಬಾಳೆಹಣ್ಣಿನಲ್ಲಿ ಮುಗಿಸಿ.

ಪ್ರಶ್ನೆ: ನನಗೆ ಸಕ್ಕರೆ ಕಾಯಿಲೆ, ಮಾತ್ರೆ ನುಂಗುತ್ತೇನೆ. ಮೇಲಿನಂಥ ಉಂಡೆ ತಿನ್ನಬಹುದೇ?
— ನಿವೃತ್ತ ನೌಕರರು, ಶಿವಮೊಗ್ಗ

ಉತ್ತರ: ನಿಮ್ಮ ಮಾತ್ರೆ ಯಾವುದು ಅನ್ನುವುದರ ಮೇಲೆ ನಿಂತಿದೆ. ಇನ್ಸುಲಿನ್ ಮತ್ತು ಕೆಲವು ಬಗೆಯ ಮಾತ್ರೆಗಳಲ್ಲಿ ಓಡುವಾಗ ಸಕ್ಕರೆ ದಿಢೀರನೆ ಕುಸಿಯಬಹುದು. ಆ ದಿನದ ಪ್ರಮಾಣವನ್ನೇ ಬದಲಿಸಬೇಕಾದೀತು. ಚೀಟಿ ಹಿಡಿದುಕೊಂಡು ವೈದ್ಯರನ್ನು ಕಾಣಿ. ಕೈ ನಡುಗಿ ತಣ್ಣನೆ ಬೆವರು ಬಂದರೆ ಮಾತ್ರ ಯೋಚಿಸದೆ ನಿಂತು, 15 ಗ್ರಾಂ ಗ್ಲೂಕೋಸ್ ಬಾಯಿಗೆ ಹಾಕಿಕೊಳ್ಳಿ.

ಪ್ರಶ್ನೆ: ಚಿಕ್ಕಮಗಳೂರಿನ ಕಾಫಿ ತೋಟಗಳ ಏರಿಳಿತದಲ್ಲಿ 50 ಕಿ.ಮೀ. ಓಡಲಿದ್ದೇನೆ, ಎಂಟೊಂಬತ್ತು ಗಂಟೆ ಹಿಡಿಯಬಹುದು. ನಾಲ್ಕು ಗಂಟೆ ದಾಟಿದರೆ ಸಿಹಿ ಕಂಡರೇ ಆಗುವುದಿಲ್ಲ.
— ಫಾರ್ಮಸಿಸ್ಟ್, ಹಾಸನ

ಉತ್ತರ: ಸಿಹಿ ಮುಖಕ್ಕೆ ಹೊಡೆಯುವುದು ಎಲ್ಲರಿಗೂ ಇದ್ದದ್ದೇ. ನಿಮ್ಮ ಅನುಕೂಲವೆಂದರೆ ವೇಗ ಕಡಿಮೆ, ಹೊಟ್ಟೆಗೆ ರಕ್ತ ಚೆನ್ನಾಗಿ ಸಿಗುತ್ತದೆ, ಅನ್ನದಂಥದ್ದನ್ನೂ ಅದು ಅರಗಿಸುತ್ತದೆ. ಗಂಟೆಗೆ 40-50 ಗ್ರಾಂ ಕಾರ್ಬ್ ಇಟ್ಟುಕೊಳ್ಳಿ. ಮೂರು ಗಂಟೆ ಸಿಹಿ, ಆಮೇಲೆ ಉಪ್ಪಿನದು.

ಬೇಯಿಸಿದ ಆಲೂಗಡ್ಡೆ ಇಲ್ಲಿ ರಾಜ. ನಿಂಬೆಗಿಂತ ತುಸು ದೊಡ್ಡ, 50 ಗ್ರಾಂನ ಗಡ್ಡೆಗಳನ್ನು ಒಡೆಯದಂತೆ ಬೇಯಿಸಿ, ಸಿಪ್ಪೆ ತೆಗೆದು, ಪೂರ್ತಿ ಆರಿಸಿ, ಬಟ್ಟೆಯಲ್ಲಿ ಒರೆಸಿದ ಮೇಲೆಯೇ ಉಪ್ಪು, ಕಾಳುಮೆಣಸಿನಲ್ಲಿ ಹೊರಳಿಸಿ. ಬಿಸಿಯಲ್ಲೇ ಕವರಿಗೆ ಹಾಕಿದರೆ ಉಪ್ಪು ನೀರಾಗಿ ಎಲ್ಲ ಲೋಳೆ. ಒಂದರಲ್ಲಿ 9-10 ಗ್ರಾಂ ಕಾರ್ಬ್, ಸರದಿಗೆ ಎರಡು. ಪುಳಿಯೋಗರೆಯೂ ಆದೀತು: ಎಣ್ಣೆ ಅರ್ಧ ಮಾಡಿ, ಕಡಲೆಬೀಜ, ಕಡಲೆಬೇಳೆ ಬಿಟ್ಟು, ಅನ್ನ ತುಸು ಮೆತ್ತಗೆ ಮಾಡಿ 40 ಗ್ರಾಂ ಉಂಡೆಗಳಾಗಿ ಒತ್ತಿ; ತಲಾ 11 ಗ್ರಾಂ. ಮೊಸರನ್ನ ಬೇಡ, ಬೆನ್ನಿನ ಚೀಲದ ಶಾಖಕ್ಕೆ ಹುಳಿಯಾಗುತ್ತದೆ. ಮಂಡಕ್ಕಿಯ ಪುಡಿ ಏದುಸಿರಿಗೆ ಕೆಮ್ಮು ತರಿಸುತ್ತದೆ, ಅದೂ ಬೇಡ. ಆಲೂಗಡ್ಡೆ, ಅನ್ನ ಎರಡನ್ನೂ ಬೆಳಗ್ಗೆಯೇ ಮಾಡಿ, ನಾಲ್ಕೈದು ಗಂಟೆಯೊಳಗೆ ಮುಗಿಸಿ.

ಏರುವಾಗ ಹೇಗೂ ನಡೆಯುತ್ತೀರಿ, ತಿನ್ನುವುದು ಆಗಲೇ. ಇಳಿಜಾರಿನ ಕುಲುಕಾಟದಲ್ಲಿ ತಿಂದದ್ದು ಗಂಟಲಿಗೇ ಬರುತ್ತದೆ. ಕೊನೆಯ 10 ಕಿ.ಮೀ.ಗೆ ಅರ್ಧ ಲೋಟ ಹಾಲಿಲ್ಲದ, ಸಕ್ಕರೆ ಹೆಚ್ಚಾದ ಕಾಫಿ ಸಿಕ್ಕರೆ ಬಿಡಬೇಡಿ.

ಎಡಜೇಬು ತಿಂಡಿಗೆ, ಬಲಜೇಬು ಬಿಚ್ಚಿದ ಕಾಗದಕ್ಕೆ ಮೀಸಲಿಡಿ. ತೋಟದಲ್ಲಿ ಕಸ ಬೀಳುವುದಿಲ್ಲ, 40ನೇ ಕಿ.ಮೀ.ನಲ್ಲಿ ತಲೆ ಓಡದಿದ್ದಾಗ ಬಲಜೇಬಿನ ಕಾಗದ ಎಣಿಸಿದರೆ ಎಷ್ಟು ಸರದಿ ತಪ್ಪಿದೆ ಎಂದು ತಿಳಿಯುತ್ತದೆ. ತಪ್ಪಿದ್ದನ್ನೆಲ್ಲ ಒಂದೇ ಸಲ ನುಂಗಲು ಹೋಗದೆ, ಮುಂದಿನ ತುತ್ತನ್ನು ಐದು ನಿಮಿಷ ಬೇಗ ತಿನ್ನಿ.