ಕೀಟಾ ಫ್ಲಾಪಾ? ರೂಮ್‌ಮೇಟ್‌ಗೆ ಏನು ಹೇಳೋದು

ಪ್ರಶ್ನೆ: ನಾನು ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಲಿವರ್‌ಪೂಲ್ ಫ್ಯಾನು, ರೂಮ್‌ಮೇಟ್ ಅಲ್ಲಿನದೇ ಚೆಲ್ಸಿ ಕಡೆಯವನು. ಮಿಡ್‌ಫೀಲ್ಡರ್ ನಾಬಿ ಕೀಟಾಗೆ ಅಷ್ಟು ದುಡ್ಡು ಸುರಿದು ಕೊನೆಗೆ ಪುಕ್ಸಟ್ಟೆ ಕಳಿಸಿದ್ರಿ, ಇದಕ್ಕಿಂತ ದೊಡ್ಡ ಫ್ಲಾಪ್ ಇದ್ಯಾ ಅಂತ ದಿನಾ ಕಾಲೆಳೀತಾನೆ. ಒಬ್ಬ ಆಟಗಾರನ್ನ ತಗೊಂಡಿದ್ದು ಸರಿಯೋ ತಪ್ಪೋ ಅಂತ ಹೇಗೆ ನೋಡ್ಬೇಕು ಸಾರ್?
– ಹೆಸರು ಬೇಡ, ದಾವಣಗೆರೆ

ಉತ್ತರ: ನಾನೂ ಲಿವರ್‌ಪೂಲ್‌ನವನೇ, ಆದ್ರಿಂದ ನ್ಯಾಯ ಸ್ವಲ್ಪ ಆ ಕಡೆ ವಾಲಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. 2011ರ ಜನವರಿ 31 ಅಂತ ಒಂದು ದಿನ ಇದೆ, ಅದನ್ನ ಮೊದಲು ನೋಡಿ. ಅವತ್ತು ನಮ್ಮ ಸ್ಟ್ರೈಕರ್ ಟೊರೆಸ್ 5 ಕೋಟಿ ಪೌಂಡ್‌ಗೆ ಚೆಲ್ಸಿಗೆ ಹೋದ, ನಮ್ಮಲ್ಲಿಗೆ ಸ್ವಾರೆಜ್ ಸುಮಾರು 2.3 ಕೋಟಿಗೆ ಬಂದ, ನ್ಯೂಕಾಸಲ್‌ನಿಂದ ಆ್ಯಂಡಿ ಕ್ಯಾರಲ್ 3.5 ಕೋಟಿಗೆ ಬಂದ. ಕ್ಯಾರಲ್ ಲೀಗ್‌ನಲ್ಲಿ 44 ಮ್ಯಾಚ್ ಆಡಿ 6 ಗೋಲ್ ಹೊಡೆದ, ಸ್ವಾರೆಜ್ 2013-14ರ ಒಂದೇ ಸೀಸನ್‌ನಲ್ಲಿ 31. ಒಂದೇ ಕ್ಲಬ್ಬು, ಒಂದೇ ದಿನ, ಜಾಸ್ತಿ ದುಡ್ಡು ಕೊಟ್ಟು ತಂದವನೇ ಮುಳುಗಿದ. ಆದ್ರೆ ಆ 3.5 ಕೋಟಿ ಬಂದಿದ್ದು ಎಲ್ಲಿಂದ ಗೊತ್ತಾ, ಟೊರೆಸ್‌ನ ಮಾರಿ ಸಿಗೋ ದುಡ್ಡಲ್ಲಿ ಒಂದೂವರೆ ಕೋಟಿ ನಮ್ಮ ಕೈಲಿ ಉಳೀಬೇಕು, ಮಿಕ್ಕಿದ್ದು ನ್ಯೂಕಾಸಲ್‌ಗೆ ಹೋದ್ರೂ ಪರವಾಗಿಲ್ಲ ಅನ್ನೋದು ಲೆಕ್ಕಾಚಾರ ಅಂತ ಮಾಲೀಕ ಜಾನ್ ಹೆನ್ರಿನೇ ಆಮೇಲೆ ಹೇಳಿದ್ರು. ಅಂದ್ರೆ ಅದು ಕ್ಯಾರಲ್‌ನ ಬೆಲೆನೇ ಅಲ್ಲ. ಪಾಪ ಹುಡುಗ, ಬರೋವಾಗ್ಲೇ ತೊಡೆಗೆ ಪೆಟ್ಟು ಮಾಡ್ಕೊಂಡು ಬಂದಿದ್ದ, ಮೇಲೆ ಬೇರೆಯವರ ಚೌಕಾಸಿ ಬಿಲ್ಲು ತಲೆ ಮೇಲೆ.

ಅದಕ್ಕೇ ನಾನು ನೋಡೋದು ಟೀಮ್‌ನಲ್ಲಿ ಎಲ್ಲಿ ತೂತಿತ್ತು, ಬಂದವನು ಅದನ್ನ ಮುಚ್ಚಿದ್ನಾ ಅಂತ. 2016-17ರಲ್ಲಿ ಲೆಫ್ಟ್ ಬ್ಯಾಕ್ ಇಲ್ದೆ ಮಿಡ್‌ಫೀಲ್ಡರ್ ಮಿಲ್ನರ್‌ನ ಅಲ್ಲಿ ನಿಲ್ಲಿಸಿ ಹೇಗೋ ಒಂದು ಸೀಸನ್ ತಳ್ಳಿದ್ವಿ. ಆಮೇಲೆ ಕೆಳಗಿನ ಡಿವಿಷನ್‌ಗೆ ಬಿದ್ದಿದ್ದ ಹಲ್ ಸಿಟಿಯಿಂದ ರಾಬರ್ಟ್ಸನ್ ಬಂದ, 80 ಲಕ್ಷ ಪೌಂಡ್ ಅಷ್ಟೆ, ವರ್ಷಗಟ್ಟಲೆ ಆ ಜಾಗದ ಯೋಚನೆನೇ ಬರ್ಲಿಲ್ಲ. ವ್ಯಾನ್ ಡೈಕ್‌ಗೆ 7.5 ಕೋಟಿ ಕೊಟ್ಟಾಗ ಒಬ್ಬ ಡಿಫೆಂಡರ್‌ಗೆ ಇಷ್ಟಾ ಅಂತ ಊರೆಲ್ಲ ನಕ್ಕಿತ್ತು, ನಾನೂ ನಕ್ಕಿದ್ದೆ, ಸುಳ್ಳು ಯಾಕೆ ಹೇಳ್ಲಿ. 2019ರಲ್ಲಿ ಚಾಂಪಿಯನ್ಸ್ ಲೀಗ್, 2020ರಲ್ಲಿ 30 ವರ್ಷ ಆದ್ಮೇಲೆ ಲೀಗ್ ಬಂತು, ಈಗ ಯಾರೂ ಆ ಬೆಲೆ ಮಾತೇ ಎತ್ತಲ್ಲ. ನಮ್ಮ ಮಿಡ್‌ಫೀಲ್ಡರ್ ಕುಟಿನ್ಯೋನ ಸ್ಪೇನ್‌ನ ಬಾರ್ಸಿಲೋನಾ ಕ್ಲಬ್‌ಗೆ ಮಾರಿದ್ದನ್ನೂ ಇದೇ ಲೆಕ್ಕಕ್ಕೆ ಸೇರಿಸ್ಕೊಳ್ಳಿ, ಮಾರೋದೂ ಒಂದು ವಿದ್ಯೆನೇ.

ಈಗ ನಿಮ್ಮ ಕೀಟಾ. ಐದು ಕೋಟಿ ಮೇಲೆ ಕೊಟ್ಟು 2018ರಲ್ಲಿ ಬಂದ, 2023ರಲ್ಲಿ ಕಾಂಟ್ರಾಕ್ಟ್ ಮುಗಿಸಿ ಹೋದ. ಕ್ಲಬ್‌ನ ಖಾತೆ ಪುಸ್ತಕದಲ್ಲಿ ಆ ದುಡ್ಡನ್ನ ಕಾಂಟ್ರಾಕ್ಟ್ ವರ್ಷಗಳಿಗೆ ಹಂಚಿ ಬರೀತಾರೆ, ಅಂದ್ರೆ ವರ್ಷಕ್ಕೆ ಒಂದು ಕೋಟಿ ಚಿಲ್ಲರೆ, ಹೋಗೋ ಹೊತ್ತಿಗೆ ಲೆಕ್ಕ ಚುಕ್ತಾ. ಹಾಗಾಗಿ ಪುಕ್ಸಟ್ಟೆ ಕಳಿಸಿದ್ರಿ ಅನ್ನೋ ಮಾತಿಗೆ ಅಷ್ಟು ಅರ್ಥ ಇಲ್ಲ. ಆದ್ರೆ ಐದು ವರ್ಷಕ್ಕೆ 129 ಮ್ಯಾಚ್, ನಮ್ಮ ಹಳೇ ಕ್ಯಾಪ್ಟನ್ ಜೆರಾರ್ಡ್‌ನ 8ನೇ ನಂಬರ್ ಬೇರೆ ಹಾಕ್ಕೊಂಡು, ಒಂದು ತಿಂಗಳು ಚೆನ್ನಾಗಿ ಆಡಿದ್ರೆ ಮುಂದಿನ ತಿಂಗಳು ಗಾಯ. 2019ರ ಚಾಂಪಿಯನ್ಸ್ ಲೀಗ್‌ನಲ್ಲಿ ಬಾರ್ಸಿಲೋನಾ ಮೇಲಿನ ಸೆಮಿಫೈನಲ್‌ನ ಮೊದಲ ಲೆಗ್‌ನಲ್ಲೇ, ಅಂದ್ರೆ ಎರಡು ಮ್ಯಾಚಲ್ಲಿ ಮೊದಲನೇದ್ರಲ್ಲೇ, ಪೆಟ್ಟು ತಿಂದು ಹೊರಗೆ ಹೋದ. ಮಿಡ್‌ಫೀಲ್ಡ್‌ನ ತೂತು ಹಾಗೇ ಉಳೀತು. ಆಟ ಗೊತ್ತಿಲ್ದವನಲ್ಲ, ಆದ್ರೂ ಫ್ಲಾಪೇ, ರೂಮ್‌ಮೇಟ್ ಮುಂದೆ ಒಪ್ಕೊಂಡುಬಿಡಿ.

ನಮ್ಮ ಫಾರ್ವರ್ಡ್ ಒರಿಗಿನ ಮಾತ್ರ ಈ ಯಾವ ಲೆಕ್ಕಕ್ಕೂ ಎಳೀಬೇಡಿ. ಅದೇ ಬಾರ್ಸಿಲೋನಾ ಸೆಮಿಫೈನಲ್‌ನ ಎರಡನೇ ಲೆಗ್ ಗೆದ್ದಿದ್ದು 4-0, ಅದ್ರಲ್ಲಿ ಎರಡು ಅವನದು, ನಮ್ಮಲ್ಲಿ ಮಧ್ಯರಾತ್ರಿ ಎರಡು ದಾಟಿತ್ತು, ನಾನು ಕೂಗಿದ ಕೂಗಿಗೆ ಪಕ್ಕದ ಮನೆ ಲೈಟ್ ಹತ್ತಿತ್ತು.

ಇಷ್ಟಾದ್ಮೇಲೂ ರೂಮ್‌ಮೇಟ್ ಬಿಡ್ಲಿಲ್ಲ ಅಂದ್ರೆ ಟೊರೆಸ್ ಹೆಸರು ತೆಗೀರಿ. ಚೆಲ್ಸಿಯವರು 5 ಕೋಟಿ ಕೊಟ್ರು, ಲೀಗ್‌ನಲ್ಲಿ ಸಿಕ್ಕಿದ್ದು 20 ಗೋಲ್. 2012ರಲ್ಲಿ ಬಾರ್ಸಿಲೋನಾ ಮೇಲೆ ಕೊನೇ ಗಳಿಗೆಯಲ್ಲಿ ಒಬ್ನೇ ಓಡಿ ಹೊಡೆದ ಗೋಲ್ ಅಂತ ಅವನು ಶುರು ಮಾಡ್ತಾನೆ, ಪೂರ್ತಿ ಹೇಳೋಕೆ ಬಿಡಿ, ಆಮೇಲೆ ನೀವು ಒರಿಗಿ ಅನ್ನಿ.