ದಣಿದವರಿಗೆ ಇನ್ನೊಂದು ಕೂಟ ಬೇಡ

ಬಳ್ಳಾರಿ ಜಿಲ್ಲೆಯ ಸಹೋದರಿಯೊಬ್ಬರ ಪತ್ರದ ಸಾರ: “ಇಪ್ಪತ್ತು ವರ್ಷದಿಂದ ಸಂಡೇ ಸ್ಕೂಲ್ ನಡೆಸುತ್ತಿದ್ದೇನೆ. ಗಾಯನ ಮೇಳದಲ್ಲಿದ್ದೇನೆ, ಸ್ತ್ರೀಯರ ಕೂಟದ ಲೆಕ್ಕಪತ್ರವೂ ನನ್ನದೇ. ಮನೆಯಲ್ಲಿ ಅತ್ತೆ ಹಾಸಿಗೆ ಹಿಡಿದಿದ್ದಾರೆ. ಒಂದು ವರ್ಷದಿಂದ ಮೊಣಕಾಲೂರಿದರೆ ಮಾತೇ ಬರುವುದಿಲ್ಲ. ಮೂರು ದಿನದ ಉಪವಾಸ ಕೂಟಕ್ಕೆ ಹೋದೆ, ಇನ್ನಷ್ಟು ಬಸವಳಿದು ಬಂದೆ. ಮುಚ್ಚಿಟ್ಟ ಪಾಪವಿದ್ದರೆ ಹೀಗಾಗುತ್ತದೆ ಎಂದು ಬೋಧಕರು ಹೇಳಿದರು. ನನ್ನ ನಂಬಿಕೆ ಸತ್ತುಹೋಗಿದೆಯೆ? ಮುಂದೆ ನಡೆಯುವ ಬಲ ಎಲ್ಲಿಂದ ತರಲಿ?”

ಸಂಪಾದಕರ ಉತ್ತರ

ಅಮ್ಮಾ, ನಂಬಿಕೆ ಸತ್ತವರು ಹೀಗೆ ಕುಳಿತು ಪತ್ರ ಬರೆಯುವುದಿಲ್ಲ. ನಿಮ್ಮದು ದಣಿವು. ಅದನ್ನು ಪಾಪವೆಂದು ಕರೆದವರು ನಿಮ್ಮ ದಿನಚರಿಯನ್ನು ಒಮ್ಮೆಯೂ ಕೇಳಿರಲಾರರು.

ಉಪವಾಸ ಕೂಟಗಳಿಂದ ಯಾರಿಗೂ ಒಳಿತಾಗಿಲ್ಲ ಎಂದು ನಾನು ಹೇಳುವುದಿಲ್ಲ. ದಾರಿ ತಪ್ಪಿದವರು ಅಲ್ಲಿ ಅತ್ತು ತಿರುಗಿ ಬಂದದ್ದುಂಟು, ಪಾಪದ ಅರಿಕೆಗೆ ಸಲ್ಲಬೇಕಾದ ಸ್ಥಾನವೂ ಉಂಟು. ಆದರೆ ಎದ್ದು ನಡೆಯಲು ಒಲ್ಲದವನಿಗೂ ನಡೆದು ನಡೆದು ಕುಸಿದವನಿಗೂ ಒಂದೇ ಬೋಧನೆ ಮಾಡಿದರೆ ಎರಡನೆಯವನು ನೆಲ ಹಿಡಿಯುತ್ತಾನೆ.

ದೇವರು ಸ್ವತಃ ಹೇಗೆ ನಡೆದುಕೊಂಡರು ನೋಡಿ. ಸತ್ಯವೇದದ 1 ಅರಸುಗಳು 19ನೆಯ ಅಧ್ಯಾಯ. ಪ್ರವಾದಿ ಎಲೀಯನು ಕುಸಿದದ್ದು ಸೋಲಿನ ನಂತರ ಅಲ್ಲ, ಕರ್ಮೆಲ್ ಬೆಟ್ಟದ ಮೇಲೆ ಬಾಳ್ ದೇವತೆಯ ಪ್ರವಾದಿಗಳನ್ನು ಗೆದ್ದ ಬೆನ್ನಿಗೇ. ರಾಣಿ ಈಜೆಬೆಲಳ ಬೆದರಿಕೆಗೆ ಓಡಿದ, ಬೇರ್ಷೆಬದಲ್ಲಿ ಸೇವಕನನ್ನು ಬಿಟ್ಟ, ಒಂದು ದಿನದ ಹಾದಿ ಒಬ್ಬನೇ ಅಡವಿಗೆ ನಡೆದ. ಒಬ್ಬಂಟಿಯಾದ ಮೇಲೆ ‘ಸಾಕು, ನನ್ನ ಪ್ರಾಣ ತೆಗೆದುಕೋ’ ಎಂದ. ದೂತನು ಬಂದು ಗದರಲಿಲ್ಲ, ಉಪದೇಶಿಸಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು, ನಿದ್ದೆ. ಮತ್ತೆ ಎಬ್ಬಿಸಿ ಮತ್ತೆ ಊಟ. ಆಮೇಲೆ 40 ದಿನದ ಪ್ರಯಾಣ. ಹೋರೇಬ್ ಬೆಟ್ಟದಲ್ಲಿ ಅವನು ಅದೇ ದೂರನ್ನು ಎರಡು ಸಲ ಹೇಳಿದರೂ ದೇವರು ಕೇಳಿಸಿಕೊಂಡರು. ಕೊನೆಗೆ ಕೊಟ್ಟದ್ದು ಕೈಗೆ ಕೆಲಸ, ಜೊತೆಗೆ ಎಲೀಷ, ಮತ್ತು ಬಾಳನಿಗೆ ಅಡ್ಡಬೀಳದ 7000 ಜನ ಇದ್ದಾರೆಂಬ ಸುದ್ದಿ. ಮೊದಲು ಊಟ ನಿದ್ದೆ, ಆಮೇಲೆ ಮಾತು, ಆಮೇಲೆ ಕೆಲಸ, ಕೆಲಸದ ಜೊತೆಗೇ ಜೊತೆಗಾರ. ನಿಮಗೆ ಸಿಕ್ಕ ಕೂಟದಲ್ಲಿ ಊಟ ಬಿಡಿಸಿ, ನಿದ್ದೆ ಕೆಡಿಸಿ, ನೇರವಾಗಿ ಉಪದೇಶಕ್ಕೇ ಇಳಿದರು.

ನಾಲ್ಕನೆಯ ಶತಮಾನದ ಈಜಿಪ್ಟಿನ ಮರಳುಗಾಡಿನಲ್ಲಿದ್ದ ಎವಾಗ್ರಿಯಸ್ ಎಂಬ ಸನ್ಯಾಸಿ (ತೀರಿಕೊಂಡದ್ದು 399ರಲ್ಲಿ) ಈ ಬಳಲಿಕೆಯನ್ನು ವೈದ್ಯನಂತೆ ಗಮನಿಸಿ ಬರೆದಿಟ್ಟಿದ್ದಾರೆ. ಅದು ಹಗಲಿನ 4ನೆಯ ತಾಸಿನಿಂದ 8ನೆಯ ತಾಸಿನವರೆಗೆ, ನಮ್ಮ ಲೆಕ್ಕದಲ್ಲಿ ಸುಮಾರು 10ರಿಂದ 2 ಗಂಟೆಯವರೆಗೆ, ಕಾಡುತ್ತದಂತೆ. ಸೂರ್ಯ ನಿಂತಲ್ಲೇ ನಿಂತಂತೆ ಕಾಣುತ್ತಾನೆ, ಇರುವ ಜಾಗ ಬೇಸರವಾಗುತ್ತದೆ, ಯಾರಲ್ಲಿಯೂ ಪ್ರೀತಿ ಉಳಿದಿಲ್ಲವೆನಿಸುತ್ತದೆ. ಅವರು ಕೊಟ್ಟ ಮದ್ದು: ಜಾಗ ಬಿಟ್ಟು ಓಡಬೇಡ, ಮತ್ತು ನಿನ್ನ ಪ್ರಾಣವನ್ನು ಎರಡು ಪಾಲು ಮಾಡಿ, ಒಂದು ಪಾಲು ಇನ್ನೊಂದಕ್ಕೆ ಧೈರ್ಯ ಹೇಳುವಂತೆ 42ನೆಯ ಕೀರ್ತನೆಯ ‘ನನ್ನ ಮನವೇ, ಏಕೆ ಕುಗ್ಗಿದ್ದೀ’ ಎಂಬ ಮಾತನ್ನು ಹಾಡು. ಅವರ ಶಿಷ್ಯಪರಂಪರೆಯ ಜಾನ್ ಕ್ಯಾಸಿಯನ್ ಕೈಕೆಲಸವನ್ನೂ, 70ನೆಯ ಕೀರ್ತನೆಯ ಮೊದಲ ವಚನವಾದ ‘ದೇವರೇ, ನನ್ನನ್ನು ಬಿಡಿಸಲು ಬೇಗ ಬಾ’ ಎಂಬುದನ್ನು ದಿನವಿಡೀ ಮೆಲುಕು ಹಾಕುವುದನ್ನೂ ಒತ್ತಿ ಹೇಳಿದರು. ಅತ್ತೆಯವರ ಬಟ್ಟೆ ಒಗೆಯುವಾಗ ಆ ಒಂದು ವಚನ ಸಾಕು. ಅದು ಪೂರಾ ಪ್ರಾರ್ಥನೆಯೇ.

ಬೆಳಗಿನ ಓದು, ಪ್ರಾರ್ಥನೆಯ ಮಾತಿಗೆ ಬರೋಣ. ದಣಿದವರು ಮಾಡುವ ತಪ್ಪು, ತಪ್ಪಿತಸ್ಥ ಭಾವದಲ್ಲಿ ದೊಡ್ಡ ಹರಕೆ ಹೊರುವುದು. ಸತ್ಯವೇದದಲ್ಲಿ 1189 ಅಧ್ಯಾಯಗಳಿವೆ. ವರ್ಷದಲ್ಲಿ ಮುಗಿಸಲು ದಿನಕ್ಕೆ ಮೂರಕ್ಕಿಂತ ಹೆಚ್ಚು ಬೇಕು. ಜನವರಿ 1ಕ್ಕೆ ಹೊರಟವರು ಆದಿಕಾಂಡದ 50, ವಿಮೋಚನಕಾಂಡದ 40 ದಾಟಿ ತಿಂಗಳ ಕೊನೆಗೆ ಯಾಜಕಕಾಂಡದ ಬಲಿಗಳ ಪಟ್ಟಿಗೆ ಬಂದು ನಿಲ್ಲುತ್ತಾರೆ. ಎರಡು ದಿನ ತಪ್ಪಿದರೆ ಆರು ಅಧ್ಯಾಯ ಬಾಕಿ, ವಾರ ತಪ್ಪಿದರೆ ಇಪ್ಪತ್ತೆರಡಕ್ಕೂ ಹೆಚ್ಚು. ಆ ಬಾಕಿಯೇ ಪುಸ್ತಕ ತೆರೆಯದಂತೆ ಮಾಡುತ್ತದೆ.

ನೀವು ದಿನಕ್ಕೆ ಒಂದೇ ಕೀರ್ತನೆ ಓದಿ. ಅತ್ತೆಯವರಿಗೆ ಬೆಳಗಿನ ಮಾತ್ರೆ ಕೊಟ್ಟ ಮೇಲೆ, ಮೊಬೈಲ್ ಮುಟ್ಟುವ ಮೊದಲು, ದಿನವೂ ಅದೇ ಕುರ್ಚಿಯಲ್ಲಿ. ಬಾಯಿಬಿಟ್ಟು ಓದಿ, ಮನಸ್ಸಿನಲ್ಲೇ ಓದಿದರೆ ದಣಿದ ತಲೆ ಮೂರನೆಯ ಸಾಲಿಗೆ ಅಡಿಗೆಮನೆಗೆ ಹೋಗಿರುತ್ತದೆ. ಆಮೇಲೆ ಕರ್ತನ ಪ್ರಾರ್ಥನೆ, ಇಬ್ಬರ ಹೆಸರು ಹಿಡಿದು ಬೇಡಿಕೆ, ಆಮೆನ್. ಹತ್ತು ನಿಮಿಷಕ್ಕೆ ಏಳಿ, ಇನ್ನೂ ಕೂರಬೇಕೆನಿಸಿದರೂ ಮೊದಲ ತಿಂಗಳು ಏಳಿ. ಒಂದು ದಿನ ತಪ್ಪಿದರೆ ಮರುದಿನ ಎರಡು ಓದಬೇಡಿ, ಗುರುತಿಟ್ಟಲ್ಲಿಂದ ಒಂದೇ ಓದಿ. 119ನೆಯದನ್ನು ಮಾತ್ರ ಅದರ 22 ಭಾಗಗಳಂತೆ ದಿನಕ್ಕೆ ಎಂಟು ವಚನ ಮಾಡಿಕೊಳ್ಳಿ. ಒಟ್ಟು 171 ದಿನ. ಮುಗಿದರೆ ಮತ್ತೆ ಒಂದರಿಂದ.

ಮಾತು ಬರುವುದಿಲ್ಲ ಎಂದಿರಿ. ಮಾತು ನಿಮ್ಮದೇ ಆಗಿರಬೇಕೆಂದು ಯಾರು ಹೇಳಿದರು? 150ರಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಗೋಳಿನ ಕೀರ್ತನೆಗಳೇ. 13ನೆಯದು ‘ಎಲ್ಲಿಯ ತನಕ’ ಎಂದು ನಾಲ್ಕು ಸಲ ಕೇಳುತ್ತದೆ. 88ನೆಯದಂತೂ ಕತ್ತಲೆಯಲ್ಲೇ ನಿಂತುಬಿಡುತ್ತದೆ, ಕೊನೆಯಲ್ಲಿ ಒಂದು ‘ಆದರೂ’ ಕೂಡ ಇಲ್ಲ. ಅದರ ತಲೆಬರಹ ನೋಡಿ: ಕೋರಹೀಯರ, ಅಂದರೆ ದೇವಾಲಯದ ಗಾಯಕರ, ಹಾಡು. ಅದನ್ನು ರಚಿಸಿದ ಹೇಮಾನನ ಕತ್ತಲೆಯನ್ನು ಹಾಡಲು ಮೇಳದ ಕೈಗೇ ಕೊಟ್ಟರು. ಯೇಸುಸ್ವಾಮಿಯೂ ಶಿಲುಬೆಯ ಮೇಲೆ 22ನೆಯ ಕೀರ್ತನೆಯ ‘ನನ್ನ ದೇವರೇ, ಏಕೆ ಕೈಬಿಟ್ಟೆ’ ಎಂಬ ಮಾತನ್ನೇ ತೆಗೆದುಕೊಂಡು ಕೂಗಿದರು.

ಇನ್ನೊಂದು ಮಾತು, ಇದನ್ನು ದಾಟಿಹೋಗಬೇಡಿ. ಎರಡು ವಾರಕ್ಕಿಂತ ಹೆಚ್ಚು ಕಾಲ ನಿದ್ದೆ, ಹಸಿವು ಕೆಟ್ಟಿದ್ದರೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ ವೈದ್ಯರ ಹತ್ತಿರ ಹೋಗಿ. ರಕ್ತಹೀನತೆ, ಥೈರಾಯ್ಡ್ ಎರಡನ್ನೂ ಪರೀಕ್ಷೆ ಮಾಡಿಸಿ. ಎರಡೂ ಇದೇ ಬಗೆಯ ಸುಸ್ತು ತರುತ್ತವೆ. ಖಿನ್ನತೆಯಾದರೆ ಅದಕ್ಕೂ ಚಿಕಿತ್ಸೆಯಿದೆ. ‘ಸಾಕು’ ಎಂಬ ಎಲೀಯನ ಮಾತು ನಿಮ್ಮ ಮನಸ್ಸಿಗೂ ಬಂದರೆ ಅದೇ ಗಳಿಗೆ ಮನೆಯವರಿಗೆ ಹೇಳಿ, ಇಲ್ಲವೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಮಾತ್ರೆ ನುಂಗುವುದು ಅವಿಶ್ವಾಸವಲ್ಲ.

ನಿಮ್ಮನ್ನು ಸ್ವಲ್ಪ ಗದರಲೂಬೇಕು. ಮೂರು ಹೊಣೆಯನ್ನು ಒಬ್ಬರೇ ಏಕೆ ಹೊತ್ತಿರಿ? ವಿಮೋಚನಕಾಂಡ 18ರಲ್ಲಿ ಮಾವ ಇತ್ರೋ, ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ನ್ಯಾಯ ತೀರಿಸುತ್ತಿದ್ದ ಮೋಶೆಗೆ ‘ನೀನು ಮಾಡುವುದು ಒಳ್ಳೆಯದಲ್ಲ, ಬಳಲಿಹೋಗುತ್ತೀ’ ಎಂದು ನೇರವಾಗಿ ಹೇಳಿ, ಸಾವಿರಕ್ಕೆ, ನೂರಕ್ಕೆ, ಐವತ್ತಕ್ಕೆ, ಹತ್ತಕ್ಕೆ ಒಬ್ಬೊಬ್ಬರನ್ನು ನೇಮಿಸುವಂತೆ ಸಲಹೆ ಕೊಟ್ಟ. ಲೆಕ್ಕಪತ್ರವನ್ನು ಈ ತಿಂಗಳೇ ಒಪ್ಪಿಸಿಬಿಡಿ. ಸಂಡೇ ಸ್ಕೂಲಿಗೆ ಒಬ್ಬ ಹುಡುಗಿಯನ್ನು ಹುಡುಕಿ: ಎರಡು ಭಾನುವಾರ ಅವಳು ನೋಡಲಿ, ಎರಡು ಭಾನುವಾರ ನೀವು ಹಿಂದೆ ಕುಳಿತು ಅವಳು ಕಲಿಸಲಿ, ಐದನೆಯ ಭಾನುವಾರದಿಂದ ಮೂರು ತಿಂಗಳು ನೀವು ಬಿಡಿ. ತಾರೀಖು ಬರೆದು ಸಭಾಪಾಲಕರಾದ ಅಯ್ಯನವರ ಕೈಗೆ ಕೊಡಿ. ಬಾಯಿಮಾತು ಮುಂದಿನ ಕ್ರಿಸ್ಮಸ್ ಕಾರ್ಯಕ್ರಮಕ್ಕೇ ಮರೆತುಹೋಗುತ್ತದೆ. ಮೇಳವನ್ನು ಮಾತ್ರ ಬಿಡಬೇಡಿ. ಅಲ್ಲಿ ನಿಮ್ಮ ಕಂಠ ಬತ್ತಿದರೂ ಪಕ್ಕದವರ ದನಿ ಹಾಡನ್ನು ಮುಂದೆ ಸಾಗಿಸುತ್ತದೆ. ಅಮಾಲೇಕ್ಯರ ಯುದ್ಧದಲ್ಲಿ ಆರೋನ್, ಹೂರ್ ಇಬ್ಬರೂ ಮೋಶೆಯ ಕೈ ಹಿಡಿದದ್ದು ಹಾಗೆಯೇ, ಹೊತ್ತು ಮುಳುಗುವವರೆಗೆ. ಅದಕ್ಕೂ ಮೊದಲು ಅವನು ಕೂರಲು ಒಂದು ಕಲ್ಲನ್ನು ಇಟ್ಟುಕೊಟ್ಟರು.

ಈಗ ನಮ್ಮ ಸಭೆಗಳಿಗೆ. ಸಾಕ್ಷಿ ಹೇಳುವ ವೇದಿಕೆ ಗೆದ್ದವರಿಗೆ ಮಾತ್ರ ಎಂದು ಯಾವಾಗ ತೀರ್ಮಾನವಾಯಿತು? ಇಂಗ್ಲೆಂಡಿನ ಮಿಷನರಿ ವಿಲಿಯಂ ಕೇರಿ 1793ರಲ್ಲಿ ಬಂಗಾಳಕ್ಕೆ ಬಂದರು; ಅಲ್ಲಿನವರಲ್ಲಿ ಮೊದಲಿಗರಾಗಿ ಕೃಷ್ಣ ಪಾಲ್ ದೀಕ್ಷಾಸ್ನಾನ ಪಡೆದದ್ದು 1800ರ ಡಿಸೆಂಬರ್ 28ಕ್ಕೆ. ನಡುವಿನ ಏಳು ವರ್ಷದಲ್ಲಿ ಮಗ ಪೀಟರ್ ತೀರಿಕೊಂಡ, ಹೆಂಡತಿಯ ಮನಸ್ಸು ಕದಡಿತು. ಆ ಏಳು ವರ್ಷದ ಕೇರಿಗೆ ಇಂದು ಐದು ನಿಮಿಷ ಮೈಕು ಕೊಡುವವರು ಯಾರು? ನಿಮ್ಮ ಬಳ್ಳಾರಿಗೇ 1810ರಲ್ಲಿ ಬಂದ ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರು ಇಡೀ ಸತ್ಯವೇದವನ್ನು ಕನ್ನಡಕ್ಕೆ ತಂದು ಮುಗಿಸಿದ್ದು 1831ಕ್ಕೆ. ಮದರ್ ತೆರೇಸಾ ಹತ್ತಾರು ವರ್ಷ ದೇವರ ಸಮೀಪತೆಯೇ ಅನುಭವಕ್ಕೆ ಬಾರದೆ ಸೇವೆ ಮಾಡಿದರೆಂದು ಲೋಕಕ್ಕೆ ತಿಳಿದದ್ದು ಅವರು ಹೋಗಿ ಹತ್ತು ವರ್ಷದ ಮೇಲೆ, 2007ರಲ್ಲಿ ಪತ್ರಗಳು ಅಚ್ಚಾದಾಗ. ಬದುಕಿದ್ದಾಗ ಕೇಳಿಸಿಕೊಂಡವರು ಕೆಲವೇ ಗುರುಗಳು.

ಸಭಾ ಸಮಿತಿಯವರು ಇದನ್ನು ಓದುತ್ತಿದ್ದರೆ ಹೇಳಿಬಿಡುತ್ತೇನೆ. ಹಾಸಿಗೆ ಹಿಡಿದವರಿರುವ ಮನೆಗೆ ಹತ್ತು ಜನ ಪ್ರಾರ್ಥನೆಗೆ ಹೋದರೆ ಆ ಮನೆಯ ಸೊಸೆ ಹತ್ತು ಲೋಟ ಕಾಫಿ ಮಾಡಬೇಕಾಗುತ್ತದೆ. ಅದರ ಬದಲು ಇಬ್ಬರು ಹೋಗಿ ಎರಡು ತಾಸು ಅಜ್ಜಿಯ ಬಳಿ ಕುಳಿತು, ಸೊಸೆಯನ್ನು ಮಲಗಲು ಕಳುಹಿಸಿ. ವಾರಕ್ಕೊಮ್ಮೆ, ಸರದಿಯ ಮೇಲೆ, ಹೆಸರು ಬರೆದು ನೋಟಿಸ್ ಬೋರ್ಡಿಗೆ ಹಾಕಿ. ನಾಲ್ಕು ಹಳ್ಳಿಯ ಆರಾಧನೆ ಮುಗಿಸಿ ಭಾನುವಾರ ರಾತ್ರಿ ಮನೆ ಸೇರುವ ಅಯ್ಯನವರಿಗೆ ಸೋಮವಾರ ರಜೆ ಕೊಡಿ, ಅವತ್ತು ಸಾವು, ಆಸ್ಪತ್ರೆ ಬಿಟ್ಟು ಬೇರೆ ಯಾವುದಕ್ಕೂ ಫೋನ್ ಮಾಡಬೇಡಿ. ಮುಂದಿನ ಉಜ್ಜೀವನ ಕೂಟದ ಪೆಂಡಾಲಿಗೆ ಚಂದಾ ಎತ್ತುವ ಮೊದಲು ಇವೆರಡನ್ನು ಸಭೆಯಲ್ಲಿ ತೀರ್ಮಾನಿಸಿ, ಬರೆದಿಡಿ.